ಬಾಗಿಲು ಬಡಿದವರು ಯಾರು?

(ಗಂಗಾವತಿಯಲ್ಲಿ ಕಥೆ ಬರೆಯುವ, ಓದುವ ಗೆಳೆಯರ ಮುಂದೆ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಅವತ್ತು ಹೊತ್ತು ಸಾಲದೆ ಬಿಟ್ಟಿದ್ದ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಕರೆಯುವಾಗ ನೀವು ಬರೆದ ಕಥೆಗಳನ್ನೂ ಕಳಿಸಿದ್ದಿರಿ. ಎಲ್ಲವನ್ನೂ ಓದಿದೆ, ಕೆಲವನ್ನು ಎರಡು ಸಲ ಓದಿದೆ. ಮೂರು ಕಥೆಗಳಲ್ಲಿ ರಕ್ತಪಿಶಾಚಿ ಬರುತ್ತದೆ. ಮೂರರಲ್ಲೂ ಅದು ಕಪ್ಪು ನಿಲುವಂಗಿ ಹಾಕಿಕೊಂಡಿದೆ, ಉದ್ದ ಕೋರೆಹಲ್ಲಿದೆ, ಬೆಟ್ಟದ ಮೇಲೆ ಹಳೇ ಬಂಗಲೆ ಇದೆ, ಸುತ್ತ ಮಂಜು ಇದೆ. ಗಂಗಾವತಿಯಲ್ಲಿ ಕೂತು ಬರೆಯುವವರಿಗೆ ಆ ಮಂಜು ಎಲ್ಲಿಂದ ಸಿಗಬೇಕು? ಏಪ್ರಿಲ್‌ನಲ್ಲಿ ರಾತ್ರಿ ಹತ್ತು ಗಂಟೆಗೂ ನಮ್ಮ ಗೋಡೆಗಳು ಬಿಸಿ ಇರುತ್ತವೆ. ಜನ ಅಂಗಳದಲ್ಲಿ, ಮಾಳಿಗೆ ಮೇಲೆ ಮಲಗುತ್ತಾರೆ. ನಿಮ್ಮ ಕಥೆಯ ಹೆದರಿಕೆ ಆ ಅಂಗಳದಿಂದ ಹುಟ್ಟಲಿ ಅಂತ ನನಗೆ ಆಸೆ. ಅದಕ್ಕೇ ಈ ಮಾತು.

ಮೊದಲು ನನ್ನ ಕೆಲಸ ಹೇಳಿಬಿಡುತ್ತೇನೆ. ರಾಯಚೂರು ಜಿಲ್ಲೆಯಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕ್ಷಯರೋಗದ ಕಾರ್ಯಕ್ರಮದಲ್ಲಿ ದುಡಿದಿದ್ದೇನೆ. ಮನೆಮನೆಗೆ ಹೋಗಿ, ಕೆಮ್ಮು ಎಷ್ಟು ದಿನದಿಂದ ಇದೆ, ಮಾತ್ರೆ ನುಂಗಿದ್ರಾ ಅಂತ ಕೇಳುವ ಕೆಲಸ. ರಾತ್ರಿ ಕಥೆ ಬರೆಯುತ್ತೇನೆ. ಎರಡಕ್ಕೂ ಸಂಬಂಧ ಇಲ್ಲ ಅಂತ ಬಹಳ ವರ್ಷ ಅಂದುಕೊಂಡಿದ್ದೆ. ರಕ್ತಪಿಶಾಚಿ ಕಥೆಗಳ ಹಿಂದೆ ಬಿದ್ದ ಮೇಲೆ ಗೊತ್ತಾಯಿತು, ಎರಡೂ ಕೆಲಸದಲ್ಲಿ ನಾನು ನಿಲ್ಲುವುದು ಒಂದೇ ಜಾಗದಲ್ಲಿ. ಯಾರದೋ ಮನೆ ಬಾಗಿಲಲ್ಲಿ.

1725ಕ್ಕೆ ಹೋಗೋಣ. ಯುರೋಪಿನ ಸರ್ಬಿಯಾದಲ್ಲಿ ಕಿಸಿಲ್ಯೆವೊ ಅಂತ ಒಂದು ಹಳ್ಳಿ. ಆಗ ಆ ಸೀಮೆ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ಪೇತರ್ ಬ್ಲಾಗೊಯೆವಿಚ್ ಅನ್ನುವ ರೈತ ಸತ್ತು ಹತ್ತು ವಾರ ಆಗಿತ್ತು. ಆಮೇಲೆ ಎಂಟೇ ದಿನದಲ್ಲಿ ಊರಲ್ಲಿ ಒಂಬತ್ತು ಜನ ಸತ್ತರು. ಒಬ್ಬೊಬ್ಬರದೂ ಒಂದು ದಿನದ ಕಾಯಿಲೆ. ಸಾಯುವ ಮೊದಲು ಅವರು ಹೇಳಿದ್ದು ಒಂದೇ ಮಾತು. ನಿದ್ದೆಯಲ್ಲಿ ಪೇತರ್ ಬಂದ, ಮೈಮೇಲೆ ಬಿದ್ದು ಕತ್ತು ಹಿಸುಕಿದ. ಅವನ ಹೆಂಡತಿ ಊರನ್ನೇ ಬಿಟ್ಟು ಹೋದಳು. ಗಂಡ ರಾತ್ರಿ ಬಂದು ತನ್ನ ಚಪ್ಪಲಿ ಕೇಳಿದ ಅಂತ ಹೇಳಿ ಹೋದಳು.

ಈ ಚಪ್ಪಲಿಯ ಹತ್ತಿರ ಸ್ವಲ್ಪ ನಿಲ್ಲಿ. ಸತ್ತವನು ಹೆಂಡತಿಯ ಹತ್ತಿರ ಬಂದು ರಕ್ತ ಕೇಳಲಿಲ್ಲ. ಬದುಕಿದ್ದಾಗ ಹೊಲಕ್ಕೆ ಹೊರಡುವ ಹೊತ್ತಿಗೆ ಏನು ಕೇಳುತ್ತಿದ್ದನೋ ಅದನ್ನೇ ಕೇಳಿದ. ಆ ಹೆಂಗಸು ಕತ್ತಲಲ್ಲಿ ಎದ್ದು, ಇನ್ನೂ ಅರ್ಧ ನಿದ್ದೆಯಲ್ಲಿ, ಚಪ್ಪಲಿ ಹುಡುಕೋಕೆ ಕೈ ಚಾಚಿರಬಹುದು ಅಲ್ವಾ? ಚಾಚಿದ ಮೇಲೆ ನೆನಪಾಗಿರಬಹುದು. ಸರ್ಕಾರಿ ವರದಿಯೊಂದರಲ್ಲಿ ಸುಮ್ನೆ ಬಂದುಹೋಗುವ ಒಂದು ಸಾಲು ಅದು. ನಾನು ಓದಿದ ಎಷ್ಟೋ ಭಯದ ಕಥೆಗಳಿಗಿಂತ ಆ ಸಾಲು ನನ್ನನ್ನು ಜಾಸ್ತಿ ಕಾಡಿದೆ.

ಆ ವರದಿ ಬರೆದವನು ಫ್ರಾಂಬಾಲ್ಡ್ ಅನ್ನುವ ಅಧಿಕಾರಿ. ಗೋರಿ ಅಗೆಯಬೇಕು ಅಂತ ಊರವರು ಹಠ ಹಿಡಿದರು. ಬೆಲ್‌ಗ್ರೇಡ್‌ನಿಂದ ಅಪ್ಪಣೆ ಬರಲಿ, ತಡೀರಿ ಅಂದ. ಅಷ್ಟರಲ್ಲಿ ಊರೇ ಹೋಗಿಬಿಡುತ್ತದೆ ಅಂದರು ಅವರು. ಅಗೆದರು. ಹೆಣ ಕೊಳೆತಿರಲಿಲ್ಲ, ಕೂದಲು ಉಗುರು ಬೆಳೆದ ಹಾಗಿತ್ತು, ಬಾಯಲ್ಲಿ ರಕ್ತ ಇತ್ತು ಅಂತ ವರದಿ ಹೇಳುತ್ತದೆ. ಎದೆಗೆ ಗೂಟ ಹೊಡೆದು ಸುಟ್ಟರು. ಈ ಸುದ್ದಿ ಅದೇ ವರ್ಷ ಜುಲೈನಲ್ಲಿ ವಿಯೆನ್ನಾದ ಪತ್ರಿಕೆಯಲ್ಲಿ ಅಚ್ಚಾಯಿತು. ಯುರೋಪಿನ ಓದುಗರಿಗೆ ವ್ಯಾಂಪೈರ್ ಅನ್ನುವ ಪದ ಹತ್ತಿರವಾಗಿದ್ದು ಇಂಥ ವರದಿಗಳಿಂದ.

ಹೆಣ ನೋಡಿ ಅಭ್ಯಾಸ ಇರುವವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ತಣ್ಣನೆ ಮಣ್ಣಿನಲ್ಲಿ ದೇಹ ನಿಧಾನಕ್ಕೆ ಕೊಳೆಯುತ್ತದೆ. ಹೊಟ್ಟೆಯಲ್ಲಿ ಗಾಳಿ ತುಂಬಿ ಮೈ ಉಬ್ಬುತ್ತದೆ, ಚೆನ್ನಾಗಿ ಉಂಡವರ ಹಾಗೆ ಕಾಣುತ್ತದೆ. ಆ ಒತ್ತಡಕ್ಕೆ ಕೆಂಪು ಕಪ್ಪು ನೀರು ಬಾಯಿಗೆ ಬರುತ್ತದೆ. ಚರ್ಮ ಒಣಗಿ ಹಿಂದೆ ಸರಿದಾಗ ಉಗುರು ಬೆಳೆದಂತೆ ಅನ್ನಿಸುತ್ತದೆ. ಗೂಟ ಹೊಡೆದರೆ ಒಳಗಿನ ಗಾಳಿ ಗಂಟಲಿನಿಂದ ಹೊರಟು ನರಳಿದ ಸದ್ದು ಬರಬಹುದು. ಕಿಸಿಲ್ಯೆವೊ ಜನ ಸುಳ್ಳು ಹೇಳಲಿಲ್ಲ. ಕಂಡದ್ದನ್ನೇ ಹೇಳಿದರು. ಕಂಡದ್ದಕ್ಕೆ ಕಾರಣ ಗೊತ್ತಿರಲಿಲ್ಲ, ಅಷ್ಟೇ. ಮೂವತ್ತು ವರ್ಷದ ನಂತರ, 1755ರಲ್ಲಿ, ರಾಣಿ ಮರಿಯಾ ತೆರೇಸಾ ತನ್ನ ವೈದ್ಯ ವಾನ್ ಸ್ವೀಟನ್‌ನಿಂದ ಇಂಥ ಸುದ್ದಿಗಳ ವಿಚಾರಣೆ ಮಾಡಿಸಿದಳು, ಗೋರಿ ಅಗೆಯುವುದನ್ನು ನಿಲ್ಲಿಸಿದಳು.

ಇಲ್ಲಿ ಒಂದು ಗಮನಿಸಿ. ಪೇತರ್‌ಗೆ ಕೋಟೆ ಇರಲಿಲ್ಲ. ನಿಲುವಂಗಿ ಇರಲಿಲ್ಲ. ಅವನು ಪಕ್ಕದ ಮನೆಯವನು. ಹಳೇ ಜನಪದ ನಂಬಿಕೆಯಲ್ಲಿ ಸತ್ತು ಎದ್ದು ಬರುವವರು ಬಹಳ ಸಲ ನಮ್ಮವರೇ. ಗಂಡ, ಅಣ್ಣ, ನೆರೆಯವನು. ಅವರು ಮೊದಲು ಬರುವುದು ತಮ್ಮ ಮನೆಗೇ. ಗ್ರೀಸಿನಲ್ಲಿ ಇಂಥದಕ್ಕೆ ವ್ರಿಕೊಲಾಕಸ್ ಅನ್ನುತ್ತಾರೆ. ಅದು ರಾತ್ರಿ ಬಾಗಿಲು ಬಡಿದು, ಹೆಸರು ಹಿಡಿದು ಕರೆಯುತ್ತದಂತೆ. ಓಗೊಟ್ಟರೆ ಸಾವು. ಸುಮ್ಮನಿದ್ದರೆ ಮುಂದಿನ ಮನೆಗೆ ಹೋಗುತ್ತದೆ, ಎರಡನೇ ಸಲ ಬಡಿಯುವುದಿಲ್ಲ. ಹಾಗಾಗಿ ಅಲ್ಲಿನ ಕೆಲವು ಊರುಗಳಲ್ಲಿ ಎರಡನೇ ಸಲ ಬಡಿಯುವ ತನಕ ಯಾರೂ ಬಾಗಿಲು ತೆಗೆಯುತ್ತಿರಲಿಲ್ಲ.

ಇದನ್ನು ಮೊದಲ ಸಲ ಓದಿದಾಗ ನನ್ನ ಮೈ ಜುಂ ಅಂತು. ಯಾಕೆ ಅಂತ ನಿಮ್ಮಲ್ಲಿ ನಲವತ್ತು ದಾಟಿದವರಿಗೆ ಗೊತ್ತಾಗಿರಬೇಕು.

ನಾಳೆ ಬಾ.

ತೊಂಬತ್ತರ ದಶಕ. ಬೆಂಗಳೂರಿನಿಂದ ಹಳ್ಳಿಗಳ ತನಕ ಆ ಗುಲ್ಲು ಹಬ್ಬಿತ್ತು. ರಾತ್ರಿ ಒಂದು ಹೆಣ್ಣು ದೆವ್ವ ಬರುತ್ತದೆ, ನಿಮ್ಮ ಅವ್ವನ ದನಿಯಲ್ಲೋ ಗಂಡನ ದನಿಯಲ್ಲೋ ಕರೆಯುತ್ತದೆ, ಬಾಗಿಲು ತೆಗೆದರೆ ಮುಗೀತು. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದರೆ ಅದು ಓದಿಕೊಂಡು ಹೋಗುತ್ತದೆ. ಮರುದಿನ ಬಂದಾಗಲೂ ಅದನ್ನೇ ಓದಿ ಹೋಗುತ್ತದೆ. ಮಾನ್ವಿ ತಾಲ್ಲೂಕಿನ ನಮ್ಮ ಊರಿಗೂ ಆ ಸುದ್ದಿ ಬಂತು. ನಾನಾಗ ಏಳನೇ ತರಗತಿ. ನಮ್ಮ ಓಣಿಯಲ್ಲಿ ಓದು ಬರಹ ಬಲ್ಲವರು ಕಡಿಮೆ. ನನ್ನ ಅಕ್ಷರ ದುಂಡಗಿತ್ತು. ಎರಡು ಸಂಜೆ ಸೀಮೆಸುಣ್ಣ, ಇದ್ದಲಿ ಹಿಡಿದು ಮನೆಮನೆಗೆ ಹೋಗಿ ಬರೆದೆ. ‘ನಮ್ಮ ಮನಿಗಿ ದೊಡ್ಡದಾಗಿ ಬರಿಯವ್ವ’ ಅಂತ ಕರೆದು ಬೆಲ್ಲ ಕೊಟ್ಟರು. ನಾನು ಬರೆದದ್ದನ್ನು ಒಂದು ಊರು ನಂಬಿದ್ದು ಅದೇ ಮೊದಲು. ಕಥೆ ಬರೆಯುವ ಹುಚ್ಚು ನನಗೆ ಅಲ್ಲಿಂದಲೇ ಹತ್ತಿತು ಅಂತ ಈಗಲೂ ಅನ್ನಿಸುತ್ತದೆ.

ಗ್ರೀಸಿನ ಹಳ್ಳಿ ಎಲ್ಲಿ, ಮಾನ್ವಿ ಎಲ್ಲಿ. ಎರಡೂ ಕಡೆ ಹೆದರಿಕೆ ಕೂತಿರುವುದು ಅಗುಳಿಯ ಮೇಲೆ. ಹೊರಗಿನ ದನಿ ನಮ್ಮವರದೇ. ತೆಗೆಯಬಾರದು ಅಂತ ಬುದ್ಧಿ ಹೇಳುತ್ತದೆ, ತೆಗೆಯದೆ ಇರೋದು ಹೇಗೆ ಅಂತ ಕರುಳು ಕೇಳುತ್ತದೆ. ಈ ಜಗ್ಗಾಟವೇ ಸಸ್ಪೆನ್ಸ್. ರಕ್ತ ಆಮೇಲೆ ಬರುವ ಮಾತು.

ಈಗ ನನ್ನ ಕೆಲಸದ ಕಡೆಯಿಂದ ಒಂದು ಸಂಗತಿ. ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ಎಕ್ಸಿಟರ್ ಅಂತ ಊರು. ಜಾರ್ಜ್ ಬ್ರೌನ್ ಅನ್ನುವ ರೈತನ ಹೆಂಡತಿ 1883ರಲ್ಲಿ ಕ್ಷಯದಿಂದ ಸತ್ತಳು. ಮುಂದಿನ ವರ್ಷ ದೊಡ್ಡ ಮಗಳು. 1892ರ ಜನವರಿಯಲ್ಲಿ ಇನ್ನೊಬ್ಬ ಮಗಳು, 19 ವರ್ಷದ ಮರ್ಸಿ. ಅಷ್ಟೊತ್ತಿಗೆ ಮಗ ಎಡ್ವಿನ್ ಕೂಡ ಹಾಸಿಗೆ ಹಿಡಿದಿದ್ದ. ಸತ್ತವರಲ್ಲಿ ಯಾರೋ ಬದುಕಿದವರ ಜೀವ ತಿನ್ನುತ್ತಿದ್ದಾರೆ ಅಂದರು ಊರವರು. ಅಪ್ಪನಿಗೆ ನಂಬಿಕೆ ಇರಲಿಲ್ಲ. ಆದರೂ ಒಪ್ಪಿದ. ಮಾರ್ಚ್‌ನಲ್ಲಿ ಹೆಣಗಳನ್ನು ತೆಗೆದು ನೋಡಿದರು. ತಾಯಿ, ಅಕ್ಕ ಮೂಳೆಯಾಗಿದ್ದರು. ಚಳಿಗಾಲದಲ್ಲಿ ಸತ್ತ ಮರ್ಸಿಯ ದೇಹ ಹಾಗೇ ಇತ್ತು. ಇದು ಸಹಜ, ಶ್ವಾಸಕೋಶದಲ್ಲಿ ಕ್ಷಯದ ಗುರುತು ಇದೆ ಅಂತ ಅಲ್ಲಿದ್ದ ವೈದ್ಯ ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಹೃದಯ ಸುಟ್ಟು, ಬೂದಿಯನ್ನು ನೀರಲ್ಲಿ ಕಲಸಿ ಅಣ್ಣನಿಗೆ ಕುಡಿಸಿದರು. ಎರಡು ತಿಂಗಳೊಳಗೆ ಅವನೂ ಹೋದ.

ಕ್ಷಯದ ಕ್ರಿಮಿಯನ್ನು ರಾಬರ್ಟ್ ಕಾಖ್ ಲೋಕಕ್ಕೆ ತೋರಿಸಿದ್ದು 1882ರ ಮಾರ್ಚ್ 24ಕ್ಕೆ. ಅಂದರೆ ಮರ್ಸಿಯ ಗೋರಿ ತೆಗೆಯುವ ಹತ್ತು ವರ್ಷ ಮೊದಲೇ ಕಾರಣ ಗೊತ್ತಿತ್ತು. ಔಷಧ ಮಾತ್ರ ಇರಲಿಲ್ಲ. ಕೈಯಲ್ಲಿ ಏನೂ ಇಲ್ಲದ ಅಪ್ಪ ಏನು ಮಾಡಬೇಕಿತ್ತು? ಆ ಊರವರನ್ನು ಬೈಯುವುದಕ್ಕೆ ನನಗೆ ಮನಸ್ಸಾಗುವುದಿಲ್ಲ.

ಯಾಕೆಂದರೆ ಅಂಥ ಬಾಗಿಲು ನಾನೂ ಕಂಡಿದ್ದೇನೆ. ಸಿಂಧನೂರು ಕಡೆ ಒಂದು ಹಳ್ಳಿ. ಒಂದು ಮನೆಯಲ್ಲಿ ಅಪ್ಪ ಕೆಮ್ಮಿ ಕೆಮ್ಮಿ ಸೊರಗಿ ಸತ್ತಿದ್ದ. ವರ್ಷ ತುಂಬುವ ಮೊದಲು ದೊಡ್ಡ ಮಗ ಮಲಗಿದ. ನಾನು ಹೋದಾಗ ಬಾಗಿಲಿಗೆ ಬೇವಿನ ಟೊಂಗೆ ಕಟ್ಟಿತ್ತು, ಹೊಸ್ತಿಲಲ್ಲಿ ಕೊಯ್ದ ನಿಂಬೆಹಣ್ಣು. ‘ಅಪ್ಪ ಕರಿಯಾಕತ್ಯಾನ್ರೀ ಅಕ್ಕಾರ. ದಿನಾ ರಾತ್ರಿ ಬಂದು ಎದಿ ಮ್ಯಾಲೆ ಕುಂದ್ರತಾನ’ ಅಂದ ಹುಡುಗ. ರಾತ್ರಿ ಮೈಯೆಲ್ಲ ಬೆವರುತ್ತಿತ್ತು, ಉಸಿರು ಸಿಗುತ್ತಿರಲಿಲ್ಲ. ಬೇವು ತೆಗೀರಿ ಅಂತ ನಾನು ಹೇಳಲಿಲ್ಲ. ಬೇವು ಇರಲಿ, ಕಫ ಪರೀಕ್ಷೆಯೂ ಆಗಲಿ ಅಂದೆ. ಆರು ತಿಂಗಳು ಮಾತ್ರೆ ನುಂಗಿದ. ಉಳಿದ. ಈಗ ಟ್ರ್ಯಾಕ್ಟರ್ ಓಡಿಸುತ್ತಾನೆ. ಕೊನೆಯ ಮಾತ್ರೆಯ ದಿನ ‘ಅಪ್ಪ ಬರೋದು ಬಿಟ್ಟನ?’ ಅಂತ ಕೇಳಿದೆ. ‘ಬಿಟ್ಟನ್ರೀ’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ಆದ್ರ ಬ್ಯಾಸರ ಆಗತೈತ್ರೀ’ ಅಂದ.

ಅವತ್ತು ಬಸ್ಸಲ್ಲಿ ಮನೆ ಮುಟ್ಟುವ ತನಕ ಅದೇ ಮಾತು ತಲೆಯಲ್ಲಿ ಸುತ್ತಿತು. ಎದೆ ಮೇಲೆ ಕೂತು ಉಸಿರು ಕಟ್ಟಿಸುತ್ತಿದ್ದ ಅಪ್ಪ ಬರೋದು ನಿಂತಿದ್ದಕ್ಕೆ ಬೇಸರ. ಇದನ್ನು ಹಿಡಿದು ಬರೆಯಲು ಹತ್ತು ವರ್ಷದಿಂದ ಒದ್ದಾಡುತ್ತಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಆದರೆ ಬರೀರಿ.

ಈಗ ಬರವಣಿಗೆಯ ಮಾತಿಗೆ ಬರೋಣ. ಈ ದಾರಿಯಲ್ಲಿ ಎಲ್ಲರಿಗೂ ಗೊತ್ತಿರುವ ಕಾದಂಬರಿ ‘ಡ್ರಾಕುಲಾ’. ಐರ್ಲೆಂಡಿನ ಬ್ರಾಮ್ ಸ್ಟೋಕರ್ ಬರೆದದ್ದು, 1897ರಲ್ಲಿ ಬಂತು. ಅವನು ಲಂಡನ್ನಿನ ಒಂದು ನಾಟಕ ಮಂದಿರದ ಮ್ಯಾನೇಜರ್. ಕಥೆ ನಡೆಯುವ ಟ್ರಾನ್ಸಿಲ್ವೇನಿಯಾಕ್ಕೆ ಅವನು ಹೋಗಿಯೇ ಇರಲಿಲ್ಲ, ಪುಸ್ತಕ ಓದಿ ಕಟ್ಟಿದ. ಸಿನಿಮಾ ನೋಡಿದವರು ಬಿಸಿಲು ಬಿದ್ದರೆ ರಕ್ತಪಿಶಾಚಿ ಸಾಯುತ್ತದೆ ಅಂದುಕೊಂಡಿದ್ದಾರೆ. ಅದು 1922ರ ಜರ್ಮನ್ ಮೂಕಿ ಸಿನಿಮಾ ‘ನೊಸ್ಫೆರಾಟು’ ತಂದ ಮಾತು. ಕಾದಂಬರಿಯ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ. ಬಾವಲಿಯ ವಿಷಯಕ್ಕೂ ಒಂದು ಮಾತು. ರಕ್ತ ನೆಕ್ಕುವ ಬಾವಲಿಗಳು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಹಂಪಿಯ ಗುಡಿಗಳ ಕತ್ತಲಲ್ಲಿ ನೇತಾಡುವ ಪಾಪದ ಬಾವಲಿಗಳನ್ನು ನಿಮ್ಮ ಕಥೆಗೆ ಎಳೆಯಬೇಡಿ.

ನಾನು ಆ ಕಾದಂಬರಿಯಿಂದ ಕಲಿತದ್ದು ಎರಡು ದೃಶ್ಯ. ಲೂಸಿ ಅನ್ನುವ ಹುಡುಗಿ ದಿನದಿನಕ್ಕೆ ಬಿಳಿಚಿಕೊಳ್ಳುತ್ತಾಳೆ. ವೈದ್ಯ ವಾನ್ ಹೆಲ್ಸಿಂಗ್ ಕಿಟಕಿಗೆಲ್ಲ ಬೆಳ್ಳುಳ್ಳಿ ಹೂ ಕಟ್ಟಿ, ಅವಳ ಕೊರಳಿಗೂ ಹಾಕಿ ಹೋಗುತ್ತಾನೆ. ಯಾಕೆ ಅಂತ ಮನೆಯವರಿಗೆ ಹೇಳುವುದಿಲ್ಲ. ರಾತ್ರಿ ತಾಯಿ ಬಂದು ನೋಡುತ್ತಾಳೆ. ಕೋಣೆ ತುಂಬ ನಾತ, ಮಗಳಿಗೆ ಗಾಳಿ ಇಲ್ಲ. ಅಯ್ಯೋ ಪಾಪ ಅಂತ ಹೂವೆಲ್ಲ ಕಿತ್ತು ಕಿಟಕಿ ತೆರೆಯುತ್ತಾಳೆ. ಬೆಳಿಗ್ಗೆ ಖುಷಿಯಿಂದ ಅದನ್ನು ಹೇಳುತ್ತಾಳೆ. ಓದುತ್ತಿದ್ದ ನನಗೆ ಪುಸ್ತಕದೊಳಗೆ ಕೈ ಹಾಕಿ ಆ ತಾಯಿಯನ್ನು ತಡೆಯಬೇಕು ಅನ್ನಿಸಿತ್ತು. ಡ್ರಾಕುಲಾ ಆ ದೃಶ್ಯದಲ್ಲಿ ಕಾಣುವುದೇ ಇಲ್ಲ. ಇಡೀ ಕಾದಂಬರಿಯಲ್ಲೇ, ಮೊದಲ ನಾಲ್ಕು ಅಧ್ಯಾಯ ಬಿಟ್ಟರೆ, ಅವನು ನಮ್ಮೆದುರು ಬರುವುದು ಬಹಳ ಕಡಿಮೆ.

ಇನ್ನೊಂದು, ತಂತಿಯ ದೃಶ್ಯ. ಇವತ್ತು ರಾತ್ರಿ ಅವಳನ್ನು ಒಂಟಿ ಬಿಡಬೇಡ ಅಂತ ವಾನ್ ಹೆಲ್ಸಿಂಗ್ ಟೆಲಿಗ್ರಾಂ ಕಳಿಸುತ್ತಾನೆ. ವಿಳಾಸದಲ್ಲಿ ಜಿಲ್ಲೆಯ ಹೆಸರು ಇಲ್ಲ. ಟೆಲಿಗ್ರಾಂ ಬೇರೆ ಊರಿಗೆ ಹೋಗಿ 22 ಗಂಟೆ ತಡವಾಗಿ ಮುಟ್ಟುತ್ತದೆ. ಆ ರಾತ್ರಿ ಕಳೆದುಹೋಗಿದೆ. ಇಡೀ ಕಾದಂಬರಿ ದಿನಚರಿ, ಕಾಗದ, ಟೆಲಿಗ್ರಾಂ, ಪತ್ರಿಕೆ ತುಣುಕುಗಳಲ್ಲೇ ಇದೆ. ಎಲ್ಲವನ್ನೂ ಓದುವವರು ನಾವು ಮಾತ್ರ. ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. 1897ರಲ್ಲಿ ಟೆಲಿಗ್ರಾಂ, ಟೈಪ್‌ರೈಟರ್ ಇವೆಲ್ಲ ಮನೆಮಾತಿನ ವಸ್ತುಗಳು. ಇವತ್ತು ನಿಮ್ಮ ಕೈಯಲ್ಲಿ ಏನಿದೆ? ವಾಟ್ಸಾಪ್ ಇದೆ. ‘ಬಾಗಿಲು ತೆಗೀಬ್ಯಾಡ, ಬಂದಿರೋದು ನಾನಲ್ಲ’ ಅಂತ ಗಂಡ ಕಳಿಸಿದ ಸಂದೇಶಕ್ಕೆ ಒಂದೇ ಟಿಕ್ ಬಿದ್ದಿದೆ. ಹಳ್ಳಿಯಲ್ಲಿ ಕರೆಂಟ್ ಹೋಗಿದೆ, ಟವರ್ ಇಲ್ಲ. ಗಂಡ ಕಾಲುವೆ ನೀರಿನ ಪಾಳಿಗೆ ರಾತ್ರಿ ಗದ್ದೆಗೆ ಹೋದವನು. ಅವನು ಬರೋದು ಎರಡು ಗಂಟೆಗೆ ಅಂತ ಅವಳಿಗೆ ಗೊತ್ತು. ಹನ್ನೊಂದೂವರೆಗೆ ಬಾಗಿಲು ಬಡಿದ ಸದ್ದು. ಇಷ್ಟು ಸಾಕಲ್ವಾ? ಇಲ್ಲಿಗೆ ಕೋಟೆ ಯಾಕೆ ಬೇಕು?

ಬೇತಾಳನನ್ನು ಮರೆತರೆ ನಮ್ಮ ಅಜ್ಜಿಯರು ಬೈತಾರೆ. 1870ರಲ್ಲಿ ರಿಚರ್ಡ್ ಬರ್ಟನ್ ಬೇತಾಳ ಕಥೆಗಳಲ್ಲಿ ಕೆಲವನ್ನು ಇಂಗ್ಲಿಷಿಗೆ ತಂದಾಗ ಬೇತಾಳನಿಗೆ ಇಟ್ಟ ಹೆಸರು ವ್ಯಾಂಪೈರ್. ನನಗೆ ಅದು ಒಪ್ಪಿಗೆ ಇಲ್ಲ. ಹೆಣದೊಳಗೆ ಸೇರಿಕೊಳ್ಳುತ್ತಾನೆ ಅನ್ನುವುದು ನಿಜ, ಆದರೆ ವಿಕ್ರಮನ ಬೆನ್ನ ಮೇಲೆ ಕೂತವನು ರಕ್ತ ಕೇಳುವುದಿಲ್ಲ, ಉತ್ತರ ಕೇಳುತ್ತಾನೆ. ಗೊತ್ತಿದ್ದೂ ಹೇಳದಿದ್ದರೆ ತಲೆ ಒಡೆದು ಹೋಳಾಗುತ್ತದೆ. ಹೇಳಿದರೆ ಮೌನ ಮುರಿದು ಹೆಣ ಮತ್ತೆ ಮರಕ್ಕೆ. 11ನೇ ಶತಮಾನದಲ್ಲಿ ಸೋಮದೇವನ ಕಥಾಸರಿತ್ಸಾಗರದೊಳಗೂ ಇದೇ ಕಟ್ಟು ಇದೆ. ಅಲ್ಲಿ ಅಗುಳಿ, ಇಲ್ಲಿ ತುಟಿ. ತೆರೆಯಬಾರದು, ತೆರೆಯದೆ ಇರಲೂ ಆಗದು. ಸಾವಿರ ವರ್ಷದಿಂದ ನಮ್ಮ ಹತ್ತಿರವೇ ಇರುವ ಉಪಾಯ ಇದು. ರನ್ನನ ಗದಾಯುದ್ಧವನ್ನೂ ಒಮ್ಮೆ ಓದಿ. ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆಯುವಾಗ ಅಲ್ಲಿನ ಮರುಳುಗಳು, ಅಂದರೆ ರಣರಂಗದ ಪಿಶಾಚಿಗಳು, ಎದುರಾಗುವ ಭಾಗವನ್ನು ಒಬ್ಬರೇ ಕೂತು ಗಟ್ಟಿಯಾಗಿ ಓದಿಕೊಳ್ಳಿ.

ಜಾಗ ಬೇಕು ಅಂದರೆ ಹಿರೇಬೆಣಕಲ್‌ಗೆ ಹೋಗಿ. ನಿಮಗೆ ಇಲ್ಲೇ ಹತ್ತಿರ. ಬೆಟ್ಟದ ಮೇಲೆ ಸುಮಾರು 400 ಕಲ್ಲಿನ ಸಮಾಧಿಗಳಿವೆ, ಎರಡು ಸಾವಿರ ವರ್ಷಕ್ಕೂ ಹಳೆಯವು. ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ ಮಾಡಿದ ಪುಟ್ಟ ಮನೆಗಳು. ಕೆಲವಕ್ಕೆ ಮುಂದಿನ ಚಪ್ಪಡಿಯಲ್ಲಿ ದುಂಡನೆ ಕಿಂಡಿ ಕೊರೆದಿದ್ದಾರೆ. ಅಲ್ಲಿ ಮೋರೇರು ಅನ್ನುವ ಗಿಡ್ಡ ಜನ ಇದ್ದರು, ಅವು ಅವರ ಮನೆಗಳು ಅಂತ ಸುತ್ತಲಿನವರು ಹೇಳುತ್ತಾರೆ. ನಾನು ಒಂದು ಸಂಜೆ ಅಂಥ ಕಿಂಡಿಯ ಮುಂದೆ ಕೂತಿದ್ದೆ. ಸತ್ತವರಿಗೆ ಇಷ್ಟು ಕಷ್ಟಪಟ್ಟು ಮನೆ ಕಟ್ಟಿ, ಅದಕ್ಕೊಂದು ಬಾಗಿಲನ್ನೂ ಇಟ್ಟವರು ಅವರಿಗೆ ಹೆದರಿದ್ದರಾ, ಅವರು ಬಂದುಹೋಗಲಿ ಅಂತ ಬಯಸಿದ್ದರಾ? ನನ್ನ ಮನಸ್ಸು ಎರಡನೆಯದರ ಕಡೆಗೇ ವಾಲುತ್ತದೆ. ಆದರೆ ಸೂರ್ಯ ಇಳಿದ ಮೇಲೆ ಅಲ್ಲಿ ಕೂರಲು ಆಗಲಿಲ್ಲ, ಎದ್ದು ಬಂದೆ.

ನಾಳೆ ಬಾ ಬರೆದ ಎರಡನೇ ಸಂಜೆಯ ಒಂದು ಮಾತು ಉಳಿದಿದೆ. ನಮ್ಮ ಓಣಿಯ ಕೊನೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಒಬ್ಬಳೇ. ಮಗ ಗುಳೆ ಹೋದವನು ಮೂರು ವರ್ಷದಿಂದ ಬಂದಿರಲಿಲ್ಲ. ಪತ್ತೆ ಇಲ್ಲ. ಎಲ್ಲರ ಮನೆ ಮುಗಿಸಿ ಅವಳ ಬಾಗಿಲಿಗೆ ಬಂದೆ, ಇದ್ದಲಿ ಎತ್ತಿದೆ. ಅವಳು ಬಂದು ನನ್ನ ಕೈ ಹಿಡಿದಳು.

‘ಬ್ಯಾಡವ್ವ. ನನ್ನ ಬಾಗಲಿಗಿ ಬರೀಬ್ಯಾಡ.’

ದೆವ್ವ ಬರುತ್ತದೆ ಅಜ್ಜಿ ಅಂದೆ.

‘ಬರಲಿ. ನನ್ನ ಮಗ ಮೂರನೇತ್ತ ತನಕ ಸಾಲಿ ಕಲ್ತಾನ. ಓದಾಕ ಬರತೈತಿ ಅವಗ. ರಾತ್ರಿ ಬಸ್ಸಿಗೆ ಬಂದು, ಇದನ್ನ ಓದಿ, ಹಂಗ ತಿರುಗಿ ಹೋಗಿಬಿಟ್ರ?’

ಇಡೀ ಓಣಿಯಲ್ಲಿ ಬರಹ ಇಲ್ಲದ ಬಾಗಿಲು ಅದೊಂದೇ. ರಾತ್ರಿ ಮಾಳಿಗೆ ಮೇಲೆ ಮಲಗಿದಾಗ ನನಗೆ ಆ ಮನೆ ಕಾಣುತ್ತಿತ್ತು. ಅವಳು ಅಗುಳಿಯನ್ನೂ ಹಾಕುತ್ತಿರಲಿಲ್ಲ. ಹೊಸ್ತಿಲ ಹತ್ತಿರ ಬುಡ್ಡಿ ದೀಪ ಇಟ್ಟಿರುತ್ತಿದ್ದಳು.